ತೊಟ್ಟಿಗೆ ಬಂದ ಹಾಲೊಡಕು

ಸೆರ್ಬಿಯಾದ ಒಂದು ಬೆಟ್ಟದ ಹಳ್ಳಿಯಲ್ಲಿ ಮನೆಮನೆಯ ಕೊಳಚೆ ನೀರೆಲ್ಲ ಬಂದು ಬೀಳುತ್ತಿದ್ದದ್ದು ಹೊಳೆದಂಡೆಯ ತೊಟ್ಟಿಗೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಸ್ತಾಮೆಂಕಾ. ತೊಟ್ಟಿಗೆ ಗಾಳಿ ಊದುತ್ತಿದ್ದರೆ ಕಂದು ಕೆಸರಿನಲ್ಲಿರುವ ಜೀವಾಣುಗಳು ಹೊಲಸನ್ನು ತಿಂದು ನೀರನ್ನು ತಿಳಿ ಮಾಡುತ್ತವೆ. ಆ ವರ್ಷ ಎಲೆ ಉದುರುವ ಹೊತ್ತಿಗೆ ಕೆಸರು ಬಿಳಿಚಿಕೊಂಡು, ಲೋಳೆಯಾಗಿ ಮೇಲೆ ತೇಲತೊಡಗಿತು. ಹುಳಿ ನಾತ ಊರಿಗೆಲ್ಲ ಹಬ್ಬಿತು.

"ಏನಮ್ಮಾ, ನಿನ್ನ ಅಡುಗೆ ಹಳಸ್ತಾ?" ಎಂದು ಅಂಗಡಿ ಮುಂದೆ ಕೂತವರು ಚುಡಾಯಿಸಿದರು. ಹೊಳೆಯಲ್ಲಿ ಮೀನು ಸತ್ತು ತೇಲಿದ ಮೇಲೆ ಚುಡಾಯಿಸುವುದು ಹೋಗಿ ಬೈಗುಳ ಶುರುವಾಯಿತು.

ಆ ವಾಸನೆ ಅವಳಿಗೆ ಗೊತ್ತಿತ್ತು. ಚೀಸ್ ಮಾಡಿದ ಮೇಲೆ ಉಳಿಯುವ ಹುಳಿ ನೀರಿನದು, ಹಾಲೊಡಕಿನದು. ಊರಿನಲ್ಲಿ ಚೀಸ್ ಮಾಡಿ ಮಾರುವವನು ವಿಡೋಯೆ ಒಬ್ಬನೇ. ಅವಳ ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು. ಅಂಥವನಿಗೆ ಅಲ್ಲಿ ಕೂಮ್ ಅನ್ನುತ್ತಾರೆ. ಒಡಹುಟ್ಟಿದವರೊಡನೆ ಜಗಳವಾಡಿದರೂ ಆದೀತು, ಕೂಮನೊಡನೆ ಆಡುವಂತಿಲ್ಲ.

"ಕೂಮಣ್ಣ, ಹಾಲೊಡಕನ್ನ ಚರಂಡಿಗೆ ಬಿಡ್ತಿದ್ದೀಯಾ?" ಎಂದು ಅವನ ಚೀಸ್ ಮನೆಗೆ ಹೋಗಿ ಕೇಳಿದಳು.

ವಿಡೋಯೆ ಹಂಡೆ ತಿಕ್ಕುತ್ತಲೇ ಇದ್ದ. "ಇನ್ನೆಲ್ಲಿಗೆ ಬಿಡ್ಲಿ ಹೇಳು? ಕುಡಿಯೋಕೆ ಹಂದಿಗಳಿದ್ವು. ಹಂದಿಜ್ವರ ಬಂದಿದೆ ಅಂತ ಸರ್ಕಾರದವ್ರು ಎಲ್ಲಾನೂ ಕೊಂದು ಹೂಳಿಸಿದ್ರು. ನೀನೂ ನೋಡಿದ್ದೀಯಲ್ಲ."

ನೋಡಿದ್ದಳು. ಅಂದು ಅವನು ಗುಂಡಿಯ ಅಂಚಿನಲ್ಲಿ ಕೂತು ಅತ್ತಾಗ ಎಬ್ಬಿಸಿ ಮನೆಗೆ ಕರೆತಂದವಳು ಅವಳೇ.

"ಹೊಲಕ್ಕೆ ಹಾಕು. ಡ್ರಮ್ಮು ಹೊರೋಕೆ ನಾನೂ ಬರ್ತೀನಿ. ಚರಂಡಿಗೆ ಮಾತ್ರ ಬೇಡ."

"ಆಯ್ತು ಕಣಮ್ಮ. ನಾಳೆಯಿಂದ ಬಿಡಲ್ಲ."

ಆದರೂ ಬಿಟ್ಟ. ಸ್ತಾಮೆಂಕಾ ಬೆಳಿಗ್ಗೆ ಎದ್ದು ಹೋದರೆ ಕೊಳವೆಯ ಬಾಯಲ್ಲಿ ಅದೇ ಬಿಳಿ ನೀರು. ಮತ್ತೊಮ್ಮೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಸತ್ತ ಮೀನಿನ ಸುದ್ದಿ ತಿಳಿದು ಪಟ್ಟಣದಿಂದ ಅಧಿಕಾರಿ ಬಂದ. ತೊಟ್ಟಿಯ ಸುತ್ತ ಊರೇ ನೆರೆಯಿತು.

"ಇದು ಎಲ್ಲಿಂದ ಬರ್ತಿದೆ?"

"ಬಟ್ಟೆ ಸೋಪು ಜಾಸ್ತಿ ಆಗಿರ್ಬೇಕು ಬಿಡಿ," ಎಂದ ವಿಡೋಯೆ, ಗುಂಪಿನಿಂದಲೇ.

ಅಧಿಕಾರಿ ಸ್ತಾಮೆಂಕಾಳ ಕಡೆ ತಿರುಗಿದ. ಸೋಪು ಅಂದುಬಿಟ್ಟರೆ ತಪ್ಪು ಯಾರದೂ ಆಗುವುದಿಲ್ಲ, ಹೊಳೆ ಮಾತ್ರ ಸಾಯುತ್ತದೆ.

"ಹಾಲೊಡಕು," ಎಂದಳು. "ನಮ್ಮ ಕೂಮಣ್ಣನ ಮನೆಯಿಂದ."

ಚೀಸ್ ಮನೆಗೆ ಬೀಗ ಬಿತ್ತು. ಅಲ್ಲಿಗೆ ಹಾಲು ಹಾಕುತ್ತಿದ್ದ ಹೆಂಗಸರಿಗೆ ದಿಕ್ಕು ತೋಚಲಿಲ್ಲ. "ನೀರು ತಿಳಿಯಾಯ್ತಲ್ಲ, ಇನ್ನು ಹಸು ಬಿಟ್ಟು ಅದನ್ನೇ ಕರೆದು ಮಾರ್ತೀವಿ ಬಿಡು!" ಎಂದು ಪಕ್ಕದ ಮನೆಯ ರೂಜಿತ್ಸಾ ಬೇಲಿಯಾಚೆಯಿಂದ ಕೂಗಿದಳು.

ಚಳಿಗಾಲದಲ್ಲಿ ವಿಡೋಯೆಯ ಮನೆದೇವರ ಹಬ್ಬ, ಸ್ಲಾವಾ, ಬಂತು. ಆ ಹಬ್ಬಕ್ಕೆ ಯಾರನ್ನೂ ಕರೆಯುವ ರೂಢಿಯಿಲ್ಲ. ತಮ್ಮವರು ಎಂದುಕೊಂಡವರು ಬರುತ್ತಾರೆ. ಸ್ತಾಮೆಂಕಾ ಹೋದಳು. ಬಾಗಿಲಲ್ಲಿ ಅವನ ಹೆಂಡತಿ, ಬಂದವರಿಗೆಲ್ಲ ಕೊಡುವಂತೆ, ಬೇಯಿಸಿ ಸಕ್ಕರೆ ಬೆರೆಸಿದ ಗೋಧಿಯ ತಟ್ಟೆ ಮುಂದೆ ಹಿಡಿದಳು. ಒಳಗೆ ನೆಂಟರ ನಡುವೆ ಕೂತಿದ್ದ ವಿಡೋಯೆ ಎದ್ದು ಬಂದ.

"ಊರೆದುರು ಹೇಳೋ ಬದ್ಲು ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ, ಕೂಮಣ್ಣ."

ಅವನು ನೆಲ ನೋಡಿದ. "ಹೌದು. ನೀನು ಹೇಳಿದ್ದೆ." ಲೋಟಕ್ಕೆ ಬ್ರಾಂಡಿ ಸುರಿದು ಅವಳ ಕೈಗಿಟ್ಟು ಒಳಗೆ ಹೋದ. ಅವಳು ಬಾಗಿಲ ಪಕ್ಕದಲ್ಲೇ ನಿಂತು ಕುಡಿದು ಮನೆಗೆ ಬಂದಳು.

ವಸಂತದಲ್ಲಿ ಹಾಲೊಡಕು ತುಂಬಿಡಲು ವಿಡೋಯೆ ಬೇರೆ ಟ್ಯಾಂಕು ಕಟ್ಟಿಸಿದ, ಬೀಗ ತೆಗೆದರು. ತೊಟ್ಟಿಯ ಕೆಸರು ಮತ್ತೆ ಕಂದು ಬಣ್ಣಕ್ಕೆ ತಿರುಗಿತು. ಸ್ತಾಮೆಂಕಾ ತನ್ನ ಮನೆಯ ಸ್ಲಾವಾದಲ್ಲಿ ಮೇಜಿನ ತುದಿಯ ಕುರ್ಚಿಯನ್ನು ಕೂಮನಿಗೆಂದು ಬಿಟ್ಟಿದ್ದಳು. ಅವನು ಬರಲಿಲ್ಲ. ಮರುವರ್ಷವೂ ಬರಲಿಲ್ಲ.