ಜಗಳಕ್ಕೆ ಬಂದ ಬಹುಮಾನ

ಚಳಿ ಕಳೆದು ಮರಗಳು ಚಿಗುರಿದ ಮೇಲೆ ಬರುವ ಮೊದಲ ಭಾನುವಾರ ಆ ಊರಿನ ಚೌಕದಲ್ಲಿ ಗಂಡ-ಹೆಂಡಿರ ಜಗಳದ ಸ್ಪರ್ಧೆ. ಹಿಂದಕ್ಕೆ ಓಡುವ ಪಂದ್ಯ, ಕೊಳಕು ಟೋಪಿಯ ಪಂದ್ಯ ಎಲ್ಲ ಇದ್ದರೂ ಜನ ಕಿಕ್ಕಿರಿಯುತ್ತಿದ್ದದ್ದು ಇದಕ್ಕೇ. ನಿಯಮ ಒಂದೇ: ಜಗಳ ಕಟ್ಟುಕತೆಯಾಗಿರಬೇಕು. ಮನೆಯ ನಿಜವಾದ ಜಗಳ ತಂದವರು ಹೊರಗೆ.

ದರ್ಜಿಯೂ ಅವನ ಹೆಂಡತಿಯೂ ಕಳೆದುಹೋದ ಛತ್ರಿಯ ಬಗ್ಗೆ ವಾರವಿಡೀ ಅಭ್ಯಾಸ ಮಾಡಿದ್ದರು. ವೇದಿಕೆ ಹತ್ತಿದ್ದೇ ದರ್ಜಿ ಗುಡುಗಿದ: "ಛತ್ರಿ ಎಲ್ಲಿ ಬಿಟ್ಟು ಬಂದೆಯೇ?"

"ನಿಮ್ಮ ತಂಗೀನೇ ಒಯ್ದಳು" ಅನ್ನಬೇಕಿತ್ತು ಅವಳು. ಅದರ ಬದಲು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಛತ್ರಿ ಹಾಳಾಗ್ಲಿ! ಮದುವೆಯಾಗಿ ಬಂದಾಗಿಂದ ಅಂಗಡೀಲಿ ಕಿಟಕಿ ಪಕ್ಕದ ಜಾಗ ನಿಮ್ದು. ಒಳಗೆ ಕತ್ತಲಲ್ಲಿ ಕಾಜಾ ಹೊಲಿದು ಹೊಲಿದು ನನ್ನ ಕಣ್ಣು ಮಂಜಾಯ್ತು. ಒಂದಿನಾನಾದ್ರೂ 'ಈ ಕಡೆ ಬಾರೇ' ಅಂದಿದ್ದೀರಾ?"

ದರ್ಜಿ ಬಾಯಿ ಬಿಟ್ಟುಕೊಂಡು ಅವಳತ್ತ ತಿರುಗಿದ. ಜನ ಬಿದ್ದು ಬಿದ್ದು ನಕ್ಕರು.

ತೀರ್ಪುಗಾರ್ತಿಯಾಗಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಅನುಮಾನ ಬಂತು. "ಏನಮ್ಮಾ, ಇದು ನಿಜವಾದ ಜಗಳಾನಾ?"

"ಛೇ, ಎಲ್ಲಿ ಬಂತು ಮೇಡಂ! ಎಲ್ಲಾ ನಾಟಕ."

"ನಿಮ್ಮ ಗಂಡನ ಮುಖ ನೋಡಿ! ಇಂಥ ನಟನೆ ನಾನಂತೂ ಕಂಡಿಲ್ಲ," ಎನ್ನುತ್ತ ಮುಖ್ಯೋಪಾಧ್ಯಾಯಿನಿ ಬಹುಮಾನದ ಬಾತುಕೋಳಿಯನ್ನು ದರ್ಜಿಯ ಕೈಗೇ ಕೊಟ್ಟರು.

ಒದ್ದಾಡುವ ಬಾತುಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಮನೆಯ ದಾರಿ ಹಿಡಿದವನಿಗೆ ತಲೆಬುಡ ತಿಳಿಯದು. "ಅಲ್ವೇ, ನೀನು ಹೇಳಿದ್ದು..."

"ಗೆದ್ವಲ್ಲ, ಬಿಡ್ರೀ."

ಆ ಮಾತು ಸಮಾಧಾನವೋ ಸಿಟ್ಟೋ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಂಗಡಿಗೆ ಬರುವ ಮೊದಲೇ ತನ್ನ ಹೊಲಿಗೆ ಯಂತ್ರವನ್ನು ಒಳಗೆಳೆದು, ಅವಳದನ್ನು ಕಿಟಕಿಯ ಪಕ್ಕಕ್ಕೆ ತಂದಿಟ್ಟ. ಅವಳು ಬಾಗಿಲಲ್ಲೇ ನಿಂತಳು.

"ಇದೇನ್ರೀ ಇದು? ನಾಟಕ ಅಂದ್ನಲ್ಲ!"

"ಹಾಗಾದ್ರೆ ವಾಪಸ್ ಇಡ್ಲಾ?"

ಅವಳು ಕಿಟಕಿಯ ಪಕ್ಕ ಕೂತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ಒಳಗಿನ ಮಬ್ಬಿನಲ್ಲಿ ದರ್ಜಿ ದಾರದ ತುದಿಯನ್ನು ಮತ್ತೆ ಮತ್ತೆ ಎಂಜಲು ಮಾಡುತ್ತ ತಡಕಾಡಿದ. ಈ ಕತ್ತಲಲ್ಲಿ ಹೇಗೆ ಹೊಲೀತಿದ್ಲು ಇವಳು? ತಾನು ತಪ್ಪು ಮಾಡಿದ್ದನೇ, ಈಗ ತಿದ್ದಿಕೊಂಡನೇ, ಇಲ್ಲಾ ಸುಮ್ಮನೆ ಬೇಸ್ತುಬಿದ್ದನೇ?

"ನಿಜ ಹೇಳೇ, ಕೋಪ ಇತ್ತಾ?"

"ಕಾಲರು ಮುಗೀತಾ? ಗಿರಾಕಿ ಬರ್ತಾರೆ," ಅಂದಳು ಅವಳು, ತಲೆಯೆತ್ತದೆ.