ಹಣ್ಣಿನ ಕೋಣೆಗೆ ಊಹೆ ಬೇಡ

ಯಾರಾದರೂ ಎದುರು ಪ್ರಶ್ನೆ ಕೇಳಿದರೆ ನಮ್ಮ ಯಜಮಾನರಿಗೆ ಮೈಯೆಲ್ಲ ಉರಿಯುತ್ತದೆ, ಕೇಳಿದ್ದು ಯಂತ್ರವಾದರೂ ಸರಿ. ಅವರ ಹಣ್ಣಿನ ಶೀತಲ ಉಗ್ರಾಣ ನಡೆಸುವ ಪ್ರೋಗ್ರಾಂ ಬರೆದವಳು ನಾನು. ಒಂದು ಆಜ್ಞೆ ಟೈಪ್ ಮಾಡಿದರೆ ಕೋಣೆಯ ಫ್ಯಾನ್ ತಿರುಗುತ್ತದೆ. ಇನ್ನೊಂದು ಮಾಡಿದರೆ ಬಾಗಿಲಿಗೆ ಬೀಗ ಬಿದ್ದು ಒಳಗಿನ ಆಮ್ಲಜನಕ ಹೊರಹೋಗುತ್ತದೆ. ಹಣ್ಣು ತಿಂಗಳುಗಟ್ಟಲೆ ಕೆಡದಿರುವುದು ಅದರಿಂದಲೇ, ಆದರೆ ಒಳಗೆ ಮನುಷ್ಯರಿದ್ದರೆ ಅವರು ಬದುಕಿ ಉಳಿಯುವುದಿಲ್ಲ.

ಚಳಿಗೆ ಇಲ್ಲಿ ಎಲ್ಲರೂ ದಪ್ಪ ಗ್ಲೌಸ್ ಹಾಕಿಕೊಂಡೇ ಟೈಪ್ ಮಾಡುತ್ತಾರೆ. ಬೆರಳು ಪಕ್ಕದ ಕೀಲಿಗೆ ಬೀಳದ ದಿನವೇ ಇಲ್ಲ. ಆಗ ನನ್ನ ಪ್ರೋಗ್ರಾಂ ಏನೂ ಮಾಡದೆ ನಿಂತು, ‘ಈ ಆಜ್ಞೆ ಗೊತ್ತಿಲ್ಲ, ಇದಾ ನೀವು ಹೇಳಿದ್ದು?’ ಎಂದು ಹತ್ತಿರದ್ದೊಂದನ್ನು ತೋರಿಸುತ್ತದೆ.

“ಗೊತ್ತಾದ್ಮೇಲೆ ಕೇಳೋದ್ಯಾಕಮ್ಮ? ಅದನ್ನೇ ಮಾಡಿ ಮುಗಿಸ್ಲಿ. ಟೈಮ್ ಹಾಳು,” ಎಂದರು ಯಜಮಾನರು. “ಸಂಜೆಯೊಳಗೆ ಬದಲಾಯಿಸು. ಇಲ್ಲಾಂದ್ರೆ ಬೇರೆಯವರು ಬರೀತಾರೆ.”

ಗೊತ್ತಾಗಿದೆ ಎಂದು ಯಾರು ಹೇಳಿದರು ಇವರಿಗೆ? ಅದು ಬರೀ ಊಹೆ. ಫ್ಯಾನ್ ಎಂದು ತಪ್ಪಾಗಿ ಟೈಪ್ ಮಾಡಿದ್ದನ್ನು ಅದು ಬೀಗ ಎಂದುಕೊಂಡರೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಕೋಣೆಗಳ ಒಳಗೆ ಪೆಟ್ಟಿಗೆ ಜೋಡಿಸುವವಳು ನನ್ನ ಅತ್ತಿಗೆ. ಅಣ್ಣ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿರುವುದು ನಮ್ಮಿಬ್ಬರ ಸಂಬಳದಿಂದ. ಕೆಲಸ ಹೋದರೆ ಏನು ಗತಿ ಎಂದು ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಅವರು ಹೇಳಿದಂತೆಯೇ ಪ್ರೋಗ್ರಾಂನ ಇನ್ನೊಂದು ಪ್ರತಿ ಮಾಡಿದೆ. ಸಂಜೆ ಅವರನ್ನು ಖಾಲಿ ಕೋಣೆಯೊಂದರ ಬಾಗಿಲಿಗೆ ಕರೆದೆ. ಕೈಯಲ್ಲಿದ್ದ ಪೆಟ್ಟಿಗೆ ಇಳಿಸಿ ಅತ್ತಿಗೆಯೂ ಬಂದಳು.

“ರೆಡಿ ಇದೆ ಸರ್. ನೀವು ಒಳಗೆ ನಿಂತ್ಕೊಳ್ಳಿ. ನಾನು ಗ್ಲೌಸ್ ಹಾಕ್ಕೊಂಡು ಫ್ಯಾನ್ ಹಾಕ್ತೀನಿ. ತಪ್ಪಾದ್ರೆ ಅದೇ ಊಹಿಸ್ಕೊಳ್ಳುತ್ತೆ.”

ಅವರು ನಕ್ಕರು. ನಾನು ನಗಲಿಲ್ಲ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟವರು ಅಲ್ಲೇ ನಿಂತರು.

“ನೋಡ್ಕೊಂಡು ಟೈಪ್ ಮಾಡ್ತೀಯ ತಾನೇ?”

“ಎಲ್ರೂ ನೋಡ್ಕೊಂಡೇ ಮಾಡೋದು ಸರ್.”

ಅವರ ಮುಖ ಕೆಂಪಾಯಿತು. “ನಂಗೇ ಸವಾಲು ಹಾಕ್ತೀಯಾ? ನಾಳೆಯಿಂದ ಬರ್ಬೇಡ. ಬೇರೆಯವರ ಕೈಲಿ ಇದನ್ನೇ ಹಾಕಿಸ್ತೀನಿ.”

ಅತ್ತಿಗೆ ಏನೂ ಅವಸರ ಮಾಡಲಿಲ್ಲ. ಗ್ಲೌಸ್ ಬಿಚ್ಚಿ, ಬಾಗಿಲು ಮುಚ್ಚದ ಹಾಗೆ ಹೊಸ್ತಿಲ ಮೇಲೆ ಕೂತಳು.

“ಹಾಕ್ಸಿ ಸರ್. ನೀವು ನಿಲ್ಲದ ಕೋಣೇಲಿ ನಾವೂ ನಿಲ್ಲಲ್ಲ.”

ಅವಳ ಹಿಂದೆ ಉಳಿದ ಕೆಲಸದವರೂ ಒಬ್ಬೊಬ್ಬರೇ ಪೆಟ್ಟಿಗೆ ಇಳಿಸಿದರು. ಹೊರಗೆ ಹಣ್ಣಿನ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ಯಜಮಾನರು ಲಾರಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ.

ನಾನೂ ಹೋಗಿ ಅತ್ತಿಗೆಯ ಪಕ್ಕ ಕೂತೆ. “ನಾಳೆನೂ ಬರ್ತೀನಿ ಸರ್,” ಎಂದೆ. “ಯಂತ್ರ ಮಾಡೋ ಮುಂಚೆ ಕೇಳೇ ಕೇಳುತ್ತೆ.”