ಓದಿಕೆಯ ಸಕ್ಕರೆ

ಹದಿನಾರು ಹೆಸರನ್ನು ಮರಿಸ್ವಾಮಿ ಮಾಸ್ತರರು ಗಂಟಲು ಬಿಚ್ಚಿ ಓದಿದರು. ಹದಿನೇಳನೆಯದಕ್ಕೆ ಬಂದು ನಿಂತರು. ಪಟ್ಟಿಯಲ್ಲಿ ‘ಹುಸೇನಪ್ಪ, ತಂದೆ ದುರುಗಪ್ಪ, ಮುಕ್ಕುಂದ’ ಎಂದು ಬರೆದಿತ್ತು. ಅವರು ಕನ್ನಡಕ ಒರೆಸಿಕೊಂಡು, ತಂದೆಯ ಹೆಸರು ಬಿಟ್ಟು, ಬರೀ ಹುಸೇನಪ್ಪ ಎಂದು ಕೂಗಿದರು.

“ಅದೀನ್ರಿ,” ಎಂದು ಮೆಟಡೋರಿನ ಹಿಂದಿನ ಸೀಟಿನಿಂದ ಉತ್ತರ ಬಂತು. ಐವತ್ತರ ಆಸುಪಾಸಿನ ಗಟ್ಟಿ ಆಳು. ತೊಡೆಯ ಮೇಲೆ ಕೆಂಪು ಬಟ್ಟೆಯ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅದು ತೊಂಬತ್ತೆಂಟರ ಸೆಪ್ಟೆಂಬರ್. ನಿಜಾಮನ ಆಳ್ವಿಕೆ ಮುಗಿದು ಐವತ್ತು ವರ್ಷ ತುಂಬಿತೆಂದು ಸಿಂಧನೂರಿನ ಕೆಲವರು ಸಮಿತಿ ಕಟ್ಟಿಕೊಂಡು, ಅವನ ಪರ ಬಂದೂಕು ಹಿಡಿದಿದ್ದ ರಜಾಕಾರರ ವಿರುದ್ಧ ಹೊಡೆದಾಟ ನಡೆದ ಜಾಗಗಳನ್ನು ಒಂದೇ ದಿನದಲ್ಲಿ ತೋರಿಸುವ ಪ್ರವಾಸ ಇಟ್ಟಿದ್ದರು. ತೋರಿಸುವವರು ಮರಿಸ್ವಾಮಿ ಮಾಸ್ತರರೇ. ಬೇರೆ ಯಾರೂ ಉಳಿದಿರಲಿಲ್ಲ ಎನ್ನುವುದು ಒಂದು ಕಾರಣ. ಉಳಿದಿದ್ದರೂ ಮಾಸ್ತರರು ಬಿಟ್ಟುಕೊಡುತ್ತಿರಲಿಲ್ಲ ಎನ್ನುವುದು ಇನ್ನೊಂದು. ಹದಿನೇಳನೆಯ ವಯಸ್ಸಿನಲ್ಲಿ ಗುಡ್ಡದಲ್ಲಿ ಅಡಗಿದ್ದ ಶಿಬಿರದ ಹುಡುಗರಿಗೆ ರೊಟ್ಟಿ, ಸುದ್ದಿ ಎರಡನ್ನೂ ಹೊತ್ತವರು ಅವರು. ಆ ಎರಡು ತಿಂಗಳ ಓಡಾಟದ ಮೇಲೆ ಐವತ್ತು ವರ್ಷ ಭಾಷಣ ಮಾಡಿದ್ದರು. ಇವತ್ತು ಮಧ್ಯಾಹ್ನ ಲಿಂಗಸುಗೂರಿನಲ್ಲಿ ಅವರಿಗೆ ಶಾಲು ಹೊದಿಸುವುದಿತ್ತು.

ಮಸ್ಕಿಯಲ್ಲಿ ಚಹಾಕ್ಕೆ ಇಳಿದಾಗ ಹುಸೇನಪ್ಪ ಹತ್ತಿರ ಬಂದ. ಮಾಸ್ತರರು ಚಹಾದ ಬಸಿ ಹಿಡಿದುಕೊಂಡು ಬೇಲಿಯ ಕಡೆ ಸರಿದರು, ಅವನೂ ಸರಿದ. ತಾನು ಹಟ್ಟಿ ಗಣಿಯಲ್ಲಿ ಕೆಲಸದಲ್ಲಿರುವುದಾಗಿಯೂ, ತಾಯಿ ತಿಮ್ಮವ್ವ ಮುಕ್ಕುಂದದ ತವರುಮನೆಯಲ್ಲಿ ಹಾಸಿಗೆ ಹಿಡಿದಿರುವುದಾಗಿಯೂ ಹೇಳಿದ. ಅಪ್ಪ ಕಾಲರಾ ಬಂದು ಸತ್ತ ಎಂದೇ ಅವಳು ಮಗನಿಗೆ ಹೇಳಿಕೊಂಡು ಬಂದಿದ್ದಳಂತೆ. ಹೋದ ತಿಂಗಳು ಮಾತ್ರ ಬಾಯಿ ಬಿಟ್ಟಳಂತೆ.

“ಆಕಿಗೆ ನಿಮ್ಮ ಮ್ಯಾಲ ಸಿಟ್ಟಿಲ್ರಿ ಮಾಸ್ತರ್,” ಎಂದ ಹುಸೇನಪ್ಪ. “ಹಳ್ಳದ ದಂಡಿಗೆ ನಿಂತು ಎಲ್ಲಾರ ಮುಂದ ಒಂದು ಮಾತು ಹೇಳಿಬಿಡ್ರಿ, ದುರುಗಪ್ಪ ರಜಾಕಾರರಿಗೆ ಸುದ್ದಿ ಮುಟ್ಟಸಾಂವ ಅಲ್ಲ ಅಂತ. ನಾ ಹೋಗಿ ಆಕಿ ಕಿವ್ಯಾಗ ಹೇಳತೀನಿ. ಅಷ್ಟ.”

“ನೋಡೂಣು,” ಎಂದರು ಮಾಸ್ತರರು. ಚಹಾ ಆರಿಹೋಗಿತ್ತು.

ಅಲ್ಲಿಂದ ಹಳ್ಳಕ್ಕೆ ಅರ್ಧ ತಾಸು. ಮಾಸ್ತರರು ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯಾಚೆ ಸಜ್ಜೆಯ ಹೊಲ ನೋಡಿದರು. ಅವರು ದುಷ್ಟರೇನಲ್ಲ. ದುಷ್ಟರಾಗಿದ್ದರೆ ಇಷ್ಟು ವರ್ಷ ಆ ಸಂಗತಿ ಹೊಟ್ಟೆಯಲ್ಲಿ ಕೊಳೆಯುತ್ತಿರಲಿಲ್ಲ. ರಜಾಕಾರರು ದಾರಿ ಕಾಯುತ್ತಿದ್ದ ನಾಕಾದಲ್ಲಿ ದುರುಗಪ್ಪನನ್ನು ನೋಡಿದ್ದು ಸುಳ್ಳಲ್ಲ. ರಜಾಕಾರರು ಅವನಿಗೆ ತಲೆಬಾಗಿ ದಾರಿ ಬಿಟ್ಟದ್ದೂ ಸುಳ್ಳಲ್ಲ. ಶಿಬಿರಕ್ಕೆ ಹೋಗಿ ಕಂಡದ್ದನ್ನೇ ಹೇಳಿದ್ದರು. ಮರುದಿನ ಹುಡುಗರು ದುರುಗಪ್ಪನನ್ನು ಹಳ್ಳದಲ್ಲಿ ತಡೆದು, ಕೊರಳಲ್ಲಿದ್ದ ಕೆಂಪು ಲಾಡಿಯನ್ನು ಎಳೆದು, ಇದೇ ರಜಾಕಾರರು ಕೊಟ್ಟ ಗುರುತು ಎಂದರು. ಸೊಂಟದ ಗಂಟಿನಲ್ಲಿದ್ದ ಸಕ್ಕರೆಯನ್ನು ಕೂಲಿಗೆ ಕೊಟ್ಟದ್ದು ಎಂದರು. ಆ ಹುಡುಗರು ದೂರದ ಊರಿನವರು. ಅದು ಮೊಹರಂ ತಿಂಗಳೆಂದಾಗಲೀ, ಮುದಗಲ್ಲಿನ ಪೀರದೇವರಿಗೆ ಹರಕೆ ಹೊತ್ತ ಹಿಂದೂಗಳು ಈ ಸೀಮೆಯಲ್ಲಿ ಲಾಡಿ ಹಾಕಿ ಫಕೀರರಾಗುತ್ತಾರೆಂದಾಗಲೀ, ಫಕೀರನಾದವನಿಗೆ ಯಾವ ಮುಸಲ್ಮಾನನೂ ತಲೆಬಾಗುತ್ತಾನೆಂದಾಗಲೀ ಅವರಿಗೆ ಗೊತ್ತಿರಲಿಲ್ಲ.

ಗೊತ್ತಿದ್ದವನು ಅಲ್ಲಿ ಒಬ್ಬನೇ ಇದ್ದ. ಹಿಂದಿನ ವರ್ಷ ಜ್ವರ ಬಿಟ್ಟಿದ್ದಕ್ಕೆ ಅವನ ಅವ್ವ ಅವನ ಕೊರಳಿಗೂ ಅದೇ ಲಾಡಿ ಹಾಕಿದ್ದಳು. ಹೇಳಿದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ, ನಿನ್ನನ್ನೂ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ ಎಂದು ಹದಿನೇಳರ ಮರಿಸ್ವಾಮಿ ಬಾಯಿ ಹೊಲಿದುಕೊಂಡು ನಿಂತ. ದುರುಗಪ್ಪ ಕೊನೆಯ ತನಕ ಅವನ ಕಡೆಯೇ ನೋಡುತ್ತಿದ್ದ. ಹುಡುಗರು ಅವನನ್ನು ಕೊಂದು ಅಲ್ಲೇ ಗುಂಡಿ ತೋಡಿ ಹೂತು, ಮೇಲೆ ಕಲ್ಲು ಒಟ್ಟಿದರು.

ಹೆದರಿ ಬಾಯಿ ಮುಚ್ಚಿಕೊಂಡದ್ದು ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಎಂಬತ್ನಾಲ್ಕರಲ್ಲಿ ಸಾಲೆಯ ಹುಡುಗರನ್ನು ಕರೆತಂದಾಗ, ಭಾಷಣ ರಂಗೇರಿ, ದ್ರೋಹಿಯ ಗುಂಡಿಗೆ ಒಂದೊಂದು ಕಲ್ಲು ಹಾಕಿರೆಂದು ಹೇಳಿದವರು ಇದೇ ಮಾಸ್ತರರು. ಅದು ಅಂದಿನಿಂದ ಪದ್ಧತಿಯಾಯಿತು. ಈಗ ದಾರಿಹೋಕರೂ ಒಂದು ಕಲ್ಲೆಸೆದು ಮುಂದೆ ಹೋಗುತ್ತಾರೆ. ಮೊಳಕಾಲೆತ್ತರದ ಗುಪ್ಪೆ ಎದೆಯೆತ್ತರಕ್ಕೆ ಬೆಳೆದಿದೆ.

ಮೆಟಡೋರ್ ನಿಂತಿತು. ಎಲ್ಲರೂ ಗುಪ್ಪೆಯ ಸುತ್ತ ಅರ್ಧಚಂದ್ರದಂತೆ ನಿಂತರು. ಹುಸೇನಪ್ಪ ಎದುರಿಗೇ ಬಂದು ನಿಂತ. ಸಮಿತಿಯ ಅಧ್ಯಕ್ಷ ವೆಂಕೋಬ ಕ್ಯಾಮೆರಾ ಹಿಡಿದಿದ್ದ. ಇಬ್ಬರು ಕಾಲೇಜು ಹುಡುಗಿಯರು ನೋಟುಬುಕ್ಕು ತೆರೆದಿದ್ದರು. ಹೇಳಿಬಿಡಬೇಕು ಎಂದುಕೊಂಡರು ಮಾಸ್ತರರು. ನಿಜಕ್ಕೂ ಹಾಗೇ ಅಂದುಕೊಂಡರು. ಬಾಯಿ ತೆರೆದರು.

“ಬಂಧುಗಳೇ, ಇದು ದ್ರೋಹಿಯ ಗುಪ್ಪೆ.”

ಒಂದು ಸಲ ಗಾಲಿ ಹಳೆಯ ಜಾಡಿಗೆ ಬಿದ್ದಮೇಲೆ ಬಂಡಿ ತಾನಾಗಿ ಉರುಳಿತು. ನಾಕಾ, ಲಾಡಿ, ಕೂಲಿಯ ಸಕ್ಕರೆ, ಎಲ್ಲ ಅದೇ ಮಾತು, ಅದೇ ಏರಿಳಿತ. ಹುಡುಗಿಯರು ಬರೆದುಕೊಂಡರು. ಮಾತು ಮುಗಿದೊಡನೆ ಮಾಸ್ತರರ ಕೈ, ಹದಿನಾಲ್ಕು ವರ್ಷದ ರೂಢಿಯಂತೆ, ಬಗ್ಗಿ ಒಂದು ಕಲ್ಲೆತ್ತಿಕೊಂಡು ಎದುರಿಗಿದ್ದವನಿಗೆ ಮೊದಲ ಕಲ್ಲೆಂದು ಚಾಚಿತು. ಎದುರಿಗೆ ಯಾರಿದ್ದಾರೆಂದು ಅವರಿಗೆ ನೆನಪಾಗುವಷ್ಟರಲ್ಲಿ ಹುಸೇನಪ್ಪ ಅದನ್ನು ಇಸಿದುಕೊಂಡಿದ್ದ.

ಅವನು ಎಸೆಯಲಿಲ್ಲ. ಕಲ್ಲನ್ನು ಪಾದದ ಬಳಿ ಇಟ್ಟು, ಚಪ್ಪಲಿ ಬಿಟ್ಟು, ಗುಪ್ಪೆಯ ಮುಂದೆ ಮಂಡಿಯೂರಿ ಕೆಂಪು ಗಂಟು ಬಿಚ್ಚಿದ. ಒಳಗೆ ಸಕ್ಕರೆ ಇತ್ತು. ಒಂದು ಚಿಟಿಕೆ ಗುಪ್ಪೆಗೆ ಇಟ್ಟು, ಎದ್ದು, ಒಬ್ಬೊಬ್ಬರಿಗೂ ಹಂಚುತ್ತ ಬಂದ. ಪ್ರಸಾದವೆಂದು ಎಲ್ಲರೂ ಕೈ ಒಡ್ಡಿದರು. ಆಗಲೇ ಕಲ್ಲೆಸೆದಿದ್ದ ನಾಲ್ಕಾರು ಜನ ಕೈಯ ಮಣ್ಣು ಧೋತರಕ್ಕೆ ಒರೆಸಿಕೊಂಡು ಸಕ್ಕರೆ ಬಾಯಿಗೆ ಹಾಕಿಕೊಂಡರು. ಇನ್ನೂ ಎಸೆಯದವರು ತಿಂದಮೇಲೆ ಎಸೆದರು.

ಡ್ರೈವರ್ ಚಾಂದ್‌ಪಾಷಾ ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ಓದಿಕಿ ಸಕ್ರಿ ಅಲ್ಲೇನ್ರಿ ಇದು?”

“ಹೌದ್ರಿ. ಮುದಗಲ್ಲಿನ ಪೀರದೇವರ ಮುಂದ ಓದಿಸಿದ್ದು. ಐವತ್ತು ವರ್ಷದ ಹಿಂದ ಇಂಥಾದ್ದ ನಮ್ಮವ್ವಗ ಮುಟ್ಟಬೇಕಿತ್ತು, ಹಾದ್ಯಾಗ ಉಳೀತು.”

ಚಾಂದ್‌ಪಾಷಾ ಗುಪ್ಪೆಯನ್ನು ನೋಡಿದ, ಮಾಸ್ತರರನ್ನು ನೋಡಿದ. “ಇಂವ ಫಕೀರ ಆಗಿದ್ನೇನು?” ಎಂದು ಮೆಲ್ಲಗೆ ಕೇಳಿದ.

“ನಾ ಹುಟ್ಟಲಿ ಅಂತ ಆಗಿದ್ದ,” ಎಂದ ಹುಸೇನಪ್ಪ.

ಕೊನೆಗೆ ಉಳಿದವರು ಮಾಸ್ತರರು. ಹುಸೇನಪ್ಪ ಅವರ ಅಂಗೈ ಹಿಡಿದು, ಉಳಿದ ಸಕ್ಕರೆಯನ್ನೆಲ್ಲ ಅದರಲ್ಲಿ ಸುರಿದು, ಬೆರಳುಗಳನ್ನು ತಾನೇ ಮಡಚಿದ. “ನೀವೂ ತಗೋರಿ. ನೀವು ಹೇಳಿದ್ದನ್ನ ಇದ್ದಂಗ ಆಕಿಗೆ ಹೇಳತೀನಿ.” ಆಮೇಲೆ ಪಾದದ ಬಳಿಯಿದ್ದ ಕಲ್ಲನ್ನು ಎತ್ತಿ, ಬರಿದಾದ ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು, ಮುಕ್ಕುಂದದ ದಾರಿ ಹಿಡಿಯಲು ಮಸ್ಕಿಯ ಕಡೆ ನಡೆದುಬಿಟ್ಟ. ಊಟ ತಪ್ಪುತ್ತದೆ ಎಂದು ಯಾರೋ ಕೂಗಿದರು.

ಲಿಂಗಸುಗೂರು ಮುಟ್ಟುವ ತನಕ ಮಾಸ್ತರರು ಮುಷ್ಟಿ ಬಿಚ್ಚಲಿಲ್ಲ. ಬಾಯಿಗೆ ಹಾಕಿಕೊಳ್ಳಲು ಎರಡು ಸಲ ಎತ್ತಿದರು. ಕಿಟಕಿಯಿಂದ ಚೆಲ್ಲಲು ಒಂದು ಸಲ ಚಾಚಿದರು. ಎದುರಿನ ಕನ್ನಡಿಯಲ್ಲಿ ಚಾಂದ್‌ಪಾಷಾನ ಕಣ್ಣು ಕಂಡು ಹಿಂದಕ್ಕೆಳೆದುಕೊಂಡರು. ಬೆವರಿಗೆ ಸಕ್ಕರೆ ಕರಗುತ್ತಿತ್ತು.

ಸಭೆಯಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ವೆಂಕೋಬ ಕ್ಯಾಮೆರಾ ಎತ್ತಿ, ಎರಡೂ ಕೈ ಜೋಡಿಸಿರಿ ಎಂದ. ಮಾಸ್ತರರು ನಿಧಾನಕ್ಕೆ ಮುಷ್ಟಿ ಬಿಚ್ಚಿ ಕೈ ಜೋಡಿಸಿದರು. ಫೋಟೋ ಆಯಿತು, ಚಪ್ಪಾಳೆಯೂ ಮುಗಿಯಿತು, ಜನ ಊಟಕ್ಕೆ ಎದ್ದರು. ಮಾಸ್ತರರು ಮಾತ್ರ ಕೈ ಮುಗಿದುಕೊಂಡೇ ನಿಂತಿದ್ದರು. ಜೋಡಿಸಿದ ಅಂಗೈಗಳ ನಡುವಿನಿಂದ ಪಾಕದ ಒಂದು ಎಳೆ ಇಳಿದು, ಮಣಿಕಟ್ಟು ದಾಟಿ, ಅಂಗಿಯ ತೋಳಿನೊಳಗೆ ಹೋಗುತ್ತಿತ್ತು.